ಮೊದಲೇ ಬೀಗವೋ, ಕೊನೆಗೆ ತಾಳೆಯೋ?

ಪ್ರಶ್ನೆ: ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿರುವ ನಮ್ಮ ಸೋದರಮಾವನವರ ಟೊಮೆಟೊ ಮಂಡಿಗೆ ಲೆಕ್ಕದ ತಂತ್ರಾಂಶ ಬರೆಯುತ್ತಿದ್ದೇನೆ. ಹರಾಜಿನ ಹೊತ್ತಿನಲ್ಲಿ ಪ್ರೋಗ್ರಾಮಿನ ಏಕಕಾಲಕ್ಕೆ ಓಡುವ ಎಳೆಗಳಾದ ಹಲವು ಥ್ರೆಡ್‌ಗಳು ಒಂದೇ ಮೆಮೊರಿಯಲ್ಲಿರುವ ಖಾತೆಗಳನ್ನು ತಿದ್ದುತ್ತವೆ. ಸಾಫ್ಟ್‌ವೇರ್ ಟ್ರಾನ್ಸಾಕ್ಷನಲ್ ಮೆಮೊರಿಯಲ್ಲಿ (ಮೆಮೊರಿಯ ಹಲವು ತಿದ್ದುಪಡಿಗಳನ್ನು ಒಂದೇ ‘ವ್ಯವಹಾರ’ವಾಗಿ ನಡೆಸುವ ವಿಧಾನದಲ್ಲಿ) ಆಶಾವಾದಿ, ನಿರಾಶಾವಾದಿ ಎಂಬ ಎರಡು ಕ್ರಮಗಳಿವೆಯಂತೆ. ನನಗೆ ಯಾವುದು ಸೂಕ್ತ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಕೋಲಾರ

ಉತ್ತರ: ರೈತನ ಖಾತೆಗೆ ಜಮೆ, ವರ್ತಕನ ಖಾತೆಗೆ ಬಾಕಿ, ಇವೆರಡೂ ಒಟ್ಟಿಗೆ ಆಗಬೇಕು, ಇಲ್ಲವೇ ಎರಡೂ ಆಗಬಾರದು ಎಂಬುದು ಎರಡು ಕ್ರಮಗಳಿಗೂ ಸಮಾನ. ಘರ್ಷಣೆಯನ್ನು ಯಾವಾಗ ನೋಡಿಕೊಳ್ಳುತ್ತವೆ ಎಂಬುದರಲ್ಲಷ್ಟೇ ವ್ಯತ್ಯಾಸ.

ನಿರಾಶಾವಾದಿ ಕ್ರಮದಲ್ಲಿ ಖಾತೆಯನ್ನು ಮುಟ್ಟಿದೊಡನೆ ಬೀಗ ಬೀಳುತ್ತದೆ; ಉಳಿದವರು ಕಾಯುತ್ತಾರೆ. ಮಾರಾಟದ ನಮೂದು ರೈತನ ಖಾತೆಯನ್ನು ಹಿಡಿದು ವರ್ತಕನದಕ್ಕೆ ಕಾಯುತ್ತಿರುವಾಗ, ವಾಪಸಾದ ಕ್ರೇಟುಗಳ ನಮೂದು ವರ್ತಕನದನ್ನು ಹಿಡಿದು ರೈತನದಕ್ಕೆ ಕಾದರೆ ಎರಡೂ ಅಲ್ಲಿಯೇ ನಿಂತುಬಿಡುತ್ತವೆ. ಆಶಾವಾದಿ ಕ್ರಮದಲ್ಲಿ ಪ್ರತಿ ವ್ಯವಹಾರವೂ ಓದಿದ ಮೌಲ್ಯದ ಆವೃತ್ತಿ ಸಂಖ್ಯೆಯನ್ನು ಗುರುತಿಟ್ಟುಕೊಂಡು, ಬದಲಾವಣೆಗಳನ್ನು ತನ್ನದೇ ಕಚ್ಚಾ ಪುಸ್ತಕದಲ್ಲಿ ಬರೆದು, ಕಮಿಟ್ ಮಾಡುವಾಗ, ಅಂದರೆ ಅವನ್ನು ಅಂತಿಮಗೊಳಿಸುವಾಗ, ತಾಳೆ ನೋಡುತ್ತದೆ. ನಡುವೆ ಯಾರಾದರೂ ತಿದ್ದಿದ್ದರೆ ಬರೆದುದನ್ನೆಲ್ಲ ಎಸೆದು ಮೊದಲಿನಿಂದ ಮಾಡುತ್ತದೆ. ದತ್ತಸಂಚಯಗಳಿಗಾಗಿ (ಡೇಟಾಬೇಸ್) ಗಣಕ ವಿಜ್ಞಾನಿಗಳಾದ ಕುಂಗ್ ಮತ್ತು ರಾಬಿನ್ಸನ್ 1981ರಲ್ಲಿ ವಿವರಿಸಿದ ಉಪಾಯವಿದು.

ಇದರಲ್ಲೊಂದು ಸೂಕ್ಷ್ಮವಿದೆ. ರೈತನ ಹಳೆಯ ಮೊತ್ತವನ್ನೂ ವರ್ತಕನ ಹೊಸ ಮೊತ್ತವನ್ನೂ ಓದಿಕೊಂಡ ವ್ಯವಹಾರವು ಕೊನೆಯಲ್ಲಿ ಹೇಗೂ ರದ್ದಾಗುವಂಥದ್ದೇ ಆದರೂ, ಅಲ್ಲಿಗೆ ತಲುಪುವ ಮೊದಲೇ ಆ ಹೊಂದದ ಅಂಕಿಗಳಿಂದ ಸೊನ್ನೆಯಿಂದ ಭಾಗಿಸಹೋಗಿ ಕೆಡಬಹುದು, ಮುಗಿಯದ ಲೂಪಿನಲ್ಲಿ ಸಿಲುಕಲೂಬಹುದು. ಸತ್ತೂ ನಡೆದಾಡುವ ಇಂಥವನ್ನು ಬಲ್ಲವರು ‘ಜಾಂಬಿ’ ಎನ್ನುತ್ತಾರೆ. 2006ರ ಟಿಎಲ್2 (ಟ್ರಾನ್ಸಾಕ್ಷನಲ್ ಲಾಕಿಂಗ್ 2) ವಿಧಾನವು ಎಲ್ಲರಿಗೂ ಸಾಮಾನ್ಯವಾದ ಆವೃತ್ತಿ ಗಡಿಯಾರವೊಂದನ್ನಿಟ್ಟು, ಪ್ರತಿ ಓದಿನಲ್ಲಿಯೂ ಮೌಲ್ಯವು ವ್ಯವಹಾರದ ಆರಂಭಕ್ಕಿಂತ ಹೊಸದೋ ಎಂದು ನೋಡಿ, ಹೊಸದಾಗಿದ್ದರೆ ಅಲ್ಲಿಯೇ ರದ್ದುಮಾಡಿ ಇದನ್ನು ತಡೆಯುತ್ತದೆ. ಓದುವಾಗ ತಾಳೆ ನೋಡದ ತಂತ್ರಾಂಶ ಲೈಬ್ರರಿಯನ್ನು ನಾನಂತೂ ಲೆಕ್ಕದ ಕೆಲಸಕ್ಕೆ ಬಳಸಲಾರೆ.

ನಿಮ್ಮ ಮಂಡಿಯಲ್ಲಿ ರೈತರ ಖಾತೆಗಳು ನೂರಾರು, ನಮೂದು ಮಾತ್ರ ಚಿಕ್ಕದು. ಇಬ್ಬರು ಒಂದೇ ಖಾತೆಗೆ ಒಮ್ಮೆಲೇ ಕೈಹಾಕುವುದು ಅಪರೂಪ. ಆದ್ದರಿಂದ ಆಶಾವಾದಿ ಕ್ರಮವೇ ಸಾಕು. ಆದರೆ ‘ಇಂದು ಮಾರಿದ 15 ಕೆ.ಜಿ. ಕ್ರೇಟುಗಳು’ ಎಂಬ ಒಂದೇ ಮೊತ್ತವನ್ನು ಪ್ರತಿ ಮಾರಾಟದಲ್ಲಿಯೂ ಏರಿಸುವಿರಾದರೆ ಎಲ್ಲ ವ್ಯವಹಾರಗಳೂ ಅಲ್ಲಿಯೇ ಢಿಕ್ಕಿ ಹೊಡೆಯುತ್ತವೆ: ಒಂದು ಗೆದ್ದರೆ ಉಳಿದವು ಮತ್ತೆ ಮೊದಲಿನಿಂದ. ಕ್ರಮ ಬದಲಿಸಿ ಬೀಗ ಹಾಕಿದರೂ ಸರದಿ ತಪ್ಪುವುದಿಲ್ಲ. ಪ್ರತಿ ಥ್ರೆಡ್ಡಿಗೂ ಬೇರೆ ಬೇರೆ ಎಣಿಕೆಯಿಟ್ಟು, ತೋರಿಸಬೇಕಾದಾಗ ಮಾತ್ರ ಕೂಡಿಸಿ.

ಇನ್ನು, ಹಣ ಜಮೆಯಾಯಿತೆಂಬ ಎಸ್ಸೆಮ್ಮೆಸ್ಸನ್ನು ವ್ಯವಹಾರದೊಳಗಿಂದ ಕಳುಹಿಸಬೇಡಿ; ಆ ವ್ಯವಹಾರ ಮೂರು ಸಲ ಮರುಚಾಲನೆಗೊಂಡರೆ ಒಂದೇ ಮಾರಾಟಕ್ಕೆ ರೈತನಿಗೆ ನಾಲ್ಕು ಸಂದೇಶ ಹೋಗುತ್ತವೆ. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟೈಪ್ ನಿಯಮಗಳೇ ಇಂಥ ಕೆಲಸವನ್ನು ಒಳಗೆ ಬಿಡುವುದಿಲ್ಲ. ಕ್ಲೋಜರ್ ಭಾಷೆಯಲ್ಲಾದರೆ ಅದನ್ನು ‘ಏಜೆಂಟ್’ ಎಂಬ, ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುವ ಸಾಧನಕ್ಕೆ ಒಪ್ಪಿಸಿ. ಕಮಿಟ್ ಆಗುವವರೆಗೆ ಅದು ಹೊರಗೆ ಹೋಗದು.