ಮಂಡಿ ನೋವಿಟ್ಟುಕೊಂಡು ಬಟೂರ್ ಬೆಟ್ಟ?

ಪ್ರಶ್ನೆ: ನನಗೆ 56, ಯಜಮಾನರಿಗೆ 61. ಮಗಳು ಡಿಸೆಂಬರ್‌ನಲ್ಲಿ ಬಾಲಿಗೆ ಕರೆದುಕೊಂಡು ಹೋಗುತ್ತೇನೆ ಅಂತಿದ್ದಾಳೆ. ಬರೀ ಬೀಚ್ ನೋಡಿ ಬರಲು ಇಷ್ಟವಿಲ್ಲ. ಬಟೂರ್ ಬೆಟ್ಟ ಹತ್ತಿ ಸೂರ್ಯೋದಯ ನೋಡುವ ಆಸೆ. ಯಜಮಾನರಿಗೆ ಮಂಡಿ ನೋವಿದೆ. ಆಗುತ್ತಾ?
– ಓದುಗರು, ಹಾಸನ

ಉತ್ತರ: ನಿಮಗೆ ಆಗುತ್ತೆ, ಯಜಮಾನರಿಗೆ ಬೇಡ. ನಮ್ಮ ಮನೆಯಲ್ಲೂ ಇದೇ ಕಥೆ. ನಾನು ಬೆಟ್ಟದ ಮೇಲೆ, ನಮ್ಮನೆಯವರು ಕೆಳಗೆ.

ಬಟೂರ್ ಜ್ವಾಲಾಮುಖಿ ಬೆಟ್ಟ, ಎತ್ತರ 1717 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಕಮ್ಮಿ. ಅದರ ಬುಡದ ಕೆರೆ ದಡವೇ ಸಾವಿರ ಮೀಟರ್ ಎತ್ತರದಲ್ಲಿದೆ, ಹಾಗಾಗಿ ಹತ್ತಬೇಕಾದ್ದು 700 ಮೀಟರಿನ ಆಸುಪಾಸು. ಎರಡು ಗಂಟೆ ಹಿಡಿಯುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ನೋಡಿ. ಮಾರನೇ ದಿನ ಕಾಲು ತಕರಾರು ಮಾಡದಿದ್ದರೆ ಧೈರ್ಯವಾಗಿ ಹೊರಡಿ.

ಆದರೆ ಅಲ್ಲಿ ಮೆಟ್ಟಿಲಿಲ್ಲ. ತುದಿ ಹತ್ತಿರವಾದಂತೆ ಬರೀ ಸಡಿಲ ಕಪ್ಪು ಜಲ್ಲಿ, ಜ್ವಾಲಾಮುಖಿ ಉಗುಳಿದ್ದು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಇಳಿಯುವಾಗ ಇನ್ನೂ ಫಜೀತಿ. ನಾನು ಎರಡು ಸಲ ದೊಪ್ಪನೆ ಕೂತೆ. ಮನೆಯವರಿಗೆ "ಸುಮ್ನೆ ಸುಧಾರಿಸಿಕೊಂಡೆ" ಅಂತ ಹೇಳಿದ್ದೇನೆ.

ಎಲ್ಲರೂ ಮಾಡುವ ತಪ್ಪೊಂದಿದೆ. ಉಬುದ್‌ನಲ್ಲಿ ರೂಮು ಮಾಡಿ, ರಾತ್ರಿ ಎರಡಕ್ಕೆ ಎದ್ದು, ಕಾರಿನಲ್ಲಿ ತೂಕಡಿಸುತ್ತಾ ಬರುತ್ತಾರೆ. ನೀವು ಹಿಂದಿನ ದಿನವೇ ಬೆಟ್ಟದ ಹತ್ತಿರದ ಕಿಂತಾಮಣಿಗೆ ಬಂದು ಉಳಿಯಿರಿ. (ಹೆಸರು ಕೇಳಿ ನನಗೆ ನಮ್ಮ ಚಿಂತಾಮಣಿ ನೆನಪಾಯಿತು. ಇದು ಒಳ್ಳೇ ಚಳಿ ಊರು, ಸ್ವೆಟರ್ ಬೇಕು.) ಗೈಡ್ ಜೊತೆಯೇ ಹತ್ತಿ.

ಮೇಲೆ ಹೋದಾಗ ಇನ್ನೂ ಕತ್ತಲು. ನಮ್ಮ ಗೈಡ್ ಕಲ್ಲುಗಳ ಸಂದಿಯೊಳಗೆ ಮೊಟ್ಟೆ, ಬಾಳೆಹಣ್ಣು ಇಟ್ಟು ಮುಚ್ಚಿದ. ನಾನು ಬಗ್ಗಿ ಕೈಯೊಡ್ಡಿದೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆದಂಗೆ ಹಬೆ ಬಡಿಯಿತು, ಕನ್ನಡಕ ಪೂರ್ತಿ ಮಂಜಾಯಿತು. ಒರೆಸಿಕೊಂಡು ನೋಡಿದರೆ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗಿತ್ತು, ಒಳಗೆ ಹಲ್ವದಷ್ಟು ಮೆತ್ತಗೆ. ಅಷ್ಟರಲ್ಲಿ ಬೆಳಕಾಯಿತು. ಕೆಳಗೆ ಅರ್ಧಚಂದ್ರದಂಥ ಕೆರೆ, ಆಚೆ ಅಬಾಂಗ್ ಬೆಟ್ಟ, ಅದರ ಹಿಂದೆ 3000 ಮೀಟರಿಗೂ ಎತ್ತರದ ಅಗುಂಗ್ ಬೆಟ್ಟ. ಸಮುದ್ರದಾಚೆ ಲೊಂಬೋಕ್ ದ್ವೀಪದ ರಿಂಜಾನಿಯೂ ಕಂಡಿತು. ಬಾಲಿಯವರು ದಿಕ್ಕು ಹೇಳುವುದೂ ಬೆಟ್ಟ ನೋಡಿಯೇ: ಬೆಟ್ಟದ ಕಡೆ "ಕಜ", ಕಡಲ ಕಡೆ "ಕೆಲೋದ್".

ಆ ಕೆರೆಗೆ ಕೋಡಿಯೇ ಇಲ್ಲ! ನೀರು ಬಂಡೆಯೊಳಗೆ ಇಂಗಿ, ಕೆಳಗಿನ ಊರುಗಳಲ್ಲಿ ಊಟೆಯಾಗಿ ಏಳುತ್ತದೆ. ಗದ್ದೆ ಮಾಡುವವರು ಇಂದಿಗೂ ಕೆರೆದೇವತೆಯ ಗುಡಿಗೆ, ಪುರ ಉಲುನ್ ದಾನು ಬಟೂರ್‌ಗೆ, ಕಾಣಿಕೆ ತರುತ್ತಾರೆ. ಗುಡಿ ಮೊದಲು ಕೆಳಗೆ, ಬೆಟ್ಟದ ಬುಡದಲ್ಲಿ ಇತ್ತು. 1926ರಲ್ಲಿ ಲಾವಾ ಊರನ್ನೇ ನುಂಗಿದಾಗ ಜನ ದೇವರ ಸಮೇತ ಕಣಿವೆಯ ಮೇಲಿನ ಅಂಚಿಗೆ ಬಂದು ನೆಲೆಸಿದರು. ಇಲ್ಲಿಗೆ ಒಂದು ಗಂಟೆಯಾದರೂ ಕೊಡಿ, ಸೊಂಟಕ್ಕೆ ಲುಂಗಿಯಂಥ ಸರೋಂಗ್ ಸುತ್ತಿಕೊಂಡು ಹೋಗಿ.

ಇನ್ನು ನಿಮ್ಮ ಯಜಮಾನರು. ಬೆಟ್ಟದ ಬುಡದ ಕಪ್ಪು ಲಾವಾ ಹರವಿನಲ್ಲಿ ಜೀಪ್ ಓಡುತ್ತದೆ. ಕುಲುಕಾಟ ಜಾಸ್ತಿ, ಸೊಂಟ ಗಟ್ಟಿ ಇದ್ದರೆ ಸರಿ. ನಮ್ಮನೆಯವರು ಜೀಪನ್ನೂ ಬೇಡ ಅಂದು ತೋಯಾ ಬುಂಕಾದ ಬಿಸಿನೀರ ಬುಗ್ಗೆಯಲ್ಲಿ ಕೂತಿದ್ದರು. ನಾನು ಕುಂಟುತ್ತಾ ಇಳಿದು ಬಂದರೆ ಅವರು ಆರಾಮಾಗಿ ನಡೆದು ಬರುತ್ತಿದ್ದರು!

ಡಿಸೆಂಬರ್ ಮಾತ್ರ ಬೇಡ. ಅದು ಅಲ್ಲಿನ ಮಳೆಗಾಲ, ಮೋಡ ಕವಿದರೆ ಅಷ್ಟು ಹತ್ತಿದ್ದೂ ದಂಡ. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ರಜೆ ಸಿಗುತ್ತಾ ಅಂತ ಮಗಳನ್ನು ಕೇಳಿ ನೋಡಿ.

ಪ್ರಶ್ನೆ: ಬಾಲಿಯಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?
– ಓದುಗರು, ಶಿರಸಿ

ಉತ್ತರ: ಅನ್ನ, ಸೋಯಾದಿಂದ ಮಾಡಿದ ತೋಫು, ತೆಂಪೆ ಎಲ್ಲೆಲ್ಲೂ ಇದೆ. ಮೋಸ ಹೋಗುವುದು ಚಟ್ನಿಯಲ್ಲಿ. ಸಂಬಲ್‌ಗೆ ಸೀಗಡಿಯಿಂದ ಮಾಡಿದ "ತೆರಾಸಿ" ಹಾಕಿರುತ್ತಾರೆ, ನೋಡಿದರೆ ಗೊತ್ತಾಗಲ್ಲ. "ತನ್ಪಾ ತೆರಾಸಿ" ಅನ್ನಿ, ತೆರಾಸಿ ಬೇಡ ಅಂತ ಅರ್ಥ. ನಾನಂತೂ ಚೀಲದಲ್ಲಿ ಚಟ್ನಿಪುಡಿ ಡಬ್ಬ ಇಟ್ಟುಕೊಂಡೇ ಹೋಗಿದ್ದೆ.