ಕುಡಿದು ಬಂದ ಅಪ್ಪನ ಜೊತೆ ಮಗಳನ್ನು ಕಳಿಸಬೇಕಾ?

ಹಾಸನದಿಂದ ಬರೆದ ತಂಗಿಗೆ,

ನೀವು ಕೇಳಿಕೊಂಡಂತೆ ಹೆಸರು ಹಾಕಿಲ್ಲ. ಇಬ್ಬರೂ ಒಪ್ಪಿ ಡೈವೋರ್ಸ್ ಪಡೆದಿದ್ದೀರಿ, ಏಳು ವರ್ಷದ ಮಗಳು ನಿಮ್ಮ ಹತ್ತಿರ ಇದ್ದಾಳೆ, ಭಾನುವಾರ ಮಾತ್ರ ಅಪ್ಪನ ಜೊತೆ. ಈಗ ಅವರ ಕುಡಿತ ಜಾಸ್ತಿಯಾಗಿದೆ. ಹೋದ ತಿಂಗಳು ಕುಡಿದೇ ಬೈಕಿನಲ್ಲಿ ಮಗಳನ್ನು ಕರೆತಂದು ಬಿಟ್ಟರು. ‘ನಾನೇ ಸಹಿ ಹಾಕಿದ್ದು, ಈಗ ಬದಲಾಯಿಸೋಕೆ ಆಗುತ್ತಾ? ಇಲ್ಲ ಸುಮ್ನೆ ಕಳಿಸೋದೇ ನಿಲ್ಲಿಸಿಬಿಡಲಾ?’ ಎಂದು ಕೇಳಿದ್ದೀರಿ.

ಬದಲಾಯಿಸಬಹುದು. ಡೈವೋರ್ಸ್ ಮುಗಿದರೂ ಮಗುವಿನ ವಿಷಯ ಮುಗಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಡಿಕ್ರಿ (ಡೈವೋರ್ಸಿನ ತೀರ್ಪು) ಆದ ಮೇಲೂ ಕೋರ್ಟು ಮಕ್ಕಳ ಕುರಿತ ಆದೇಶವನ್ನು ಬದಲಿಸಬಹುದು, ತಡೆಹಿಡಿಯಬಹುದು, ರದ್ದೂ ಮಾಡಬಹುದು. ಒಪ್ಪಿ ಸಹಿ ಹಾಕಿದ ಆದೇಶವೂ ಮಗುವಿನ ಹಿತಕ್ಕಾಗಿ ಬದಲಾಗಬಹುದು ಎಂದು ಸುಪ್ರೀಂ ಕೋರ್ಟು 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ.

ಆದರೆ ನೀವಾಗಿಯೇ ಪೂರ್ತಿ ನಿಲ್ಲಿಸಬೇಡಿ. ಅವರು ಕೋರ್ಟಿಗೆ ಹೋದರೆ, ಆದೇಶ ಮುರಿದವರು ನೀವಾಗುತ್ತೀರಿ, ಕುಡಿತದ ಮಾತು ಹಿಂದಕ್ಕೆ ಹೋಗುತ್ತದೆ. ಹಾಗಂತ, ಭಾನುವಾರ ಅವರು ಬಾಗಿಲಿಗೆ ಬಂದಾಗಲೇ ವಾಸನೆ ಬಂದರೆ ಮಗಳನ್ನು ಬೈಕ್ ಹತ್ತಿಸಲೂಬೇಡಿ. ‘ಇವತ್ತು ಬೇಡ, ನಾಳೆ ಸಂಜೆ ಇಲ್ಲೇ ಬಂದು ಮಾತಾಡಿಸಿ’ ಎನ್ನಿ. ಅದನ್ನೇ ವಾಟ್ಸಾಪ್‌ನಲ್ಲೂ ಕಳಿಸಿ. ಗಲಾಟೆ ಮಾಡಿದರೆ 112. ಆ ವಾರವೇ ವಕೀಲರನ್ನು ನೋಡಿ.

ಒಂದು ನೋಟ್‌ಬುಕ್ ಇಡಿ. ಅದರಲ್ಲಿ ‘ಕುಡುಕ’ ಎಂದು ಬರೆದರೆ ಪ್ರಯೋಜನವಿಲ್ಲ, ಕಂಡದ್ದನ್ನು ಬರೆಯಿರಿ: ಸಂಜೆ 6ಕ್ಕೆ ಬರಬೇಕಿತ್ತು, 8.20ಕ್ಕೆ ಬಂದರು, ಬೈಕಿಗೆ ಸ್ಟ್ಯಾಂಡ್ ಹಾಕಲು ಆಗಲಿಲ್ಲ, ಮಗಳಿಗೆ ಹೆಲ್ಮೆಟ್ ಇರಲಿಲ್ಲ, ಮೇಲಿನ ಮನೆಯವರು ನೋಡಿದರು. ತಾರೀಖು ಮರೆಯಬೇಡಿ. ಫ್ಯಾಮಿಲಿ ಕೋರ್ಟಿನಲ್ಲಿ ಸಾಕ್ಷ್ಯದ ನಿಯಮ ಅಷ್ಟು ಬಿಗಿಯಲ್ಲ, ವಿಷಯ ತಿಳಿಯಲು ನೆರವಾಗುವ ಯಾವ ಕಾಗದವನ್ನೂ ನ್ಯಾಯಾಧೀಶರು ನೋಡಬಹುದು. ಮಗಳನ್ನು ಮಾತ್ರ ಸಾಕ್ಷಿ ಮಾಡಿಕೊಳ್ಳಬೇಡಿ. ಮನೆಗೆ ಬಂದ ಕೂಡಲೇ ‘ಅಪ್ಪ ಇವತ್ತು ಕುಡಿದಿದ್ರಾ?’ ಎಂದು ವಾರವಾರ ಕೇಳಿದರೆ, ಪಾಪ, ಅದು ಎರಡೂ ಕಡೆ ಸುಳ್ಳು ಹೇಳಲು ಕಲಿಯುತ್ತದೆ.

ಇನ್ನು ಕೋರ್ಟಿನಲ್ಲಿ ಏನು ಕೇಳಬೇಕು? ‘ಭೇಟಿಯೇ ಬೇಡ’ ಎಂದು ಕೇಳಬೇಡಿ ಅಂತಲೇ ನಾನು ಹೇಳುವುದು. ನಿಮ್ಮ ಅಣ್ಣ ‘ಇನ್ನು ಅವನ ಮುಖ ತೋರಿಸಬೇಡ’ ಅಂದದ್ದು ಸಿಟ್ಟಿನ ಮಾತು, ಅತ್ತೆಯವರು ‘ಅಪ್ಪ ಅಲ್ವಾ, ಹೊಂದಿಕೊಂಡು ಹೋಗು’ ಅಂದದ್ದು ಅದಕ್ಕಿಂತ ಅಪಾಯದ ಮಾತು. ಅಪ್ಪನನ್ನು ಕಂಡರೆ ಮಗಳಿಗೆ ಪ್ರಾಣ ಎಂದು ನೀವೇ ಬರೆದಿದ್ದೀರಲ್ಲ. ಹಾಗಾಗಿ ಭೇಟಿ ಇರಲಿ, ಅದರ ರೀತಿ ಬದಲಾಗಲಿ. ಅವರು ಮಗಳನ್ನು ಎಲ್ಲಿಗೂ ಕರೆದೊಯ್ಯಬಾರದು, ವಾಹನ ಬೇಡವೇ ಬೇಡ, ಹಗಲಲ್ಲಿ ಎರಡು ಗಂಟೆ, ಕೋರ್ಟಿನ ಆವರಣದಲ್ಲಿ ಅಥವಾ ಇಬ್ಬರೂ ನಂಬುವ ಹಿರಿಯರ ಎದುರಿಗೆ. ಹಿಂದಿನ ದಿನದಿಂದ ಒಂದು ತೊಟ್ಟೂ ಕುಡಿದಿರಬಾರದು. ವಾರದ ಮಧ್ಯೆ ವಿಡಿಯೊ ಕಾಲ್ ಇರಲಿ. ಚಿಕಿತ್ಸೆಗೆ ಸೇರಿ, ಕೆಲವು ತಿಂಗಳು ಕುಡಿಯದೆ ಇದ್ದು ವೈದ್ಯರ ವರದಿ ತಂದರೆ ಹಳೆಯ ಭಾನುವಾರಕ್ಕೆ ಮರಳಬಹುದು ಎಂದೂ ಸೇರಿಸಿ. ಕುಡಿತ ಬಿಡುವುದು ಬರೀ ಮನಸ್ಸು ಮಾಡಿದರೆ ಆಗುವ ಕೆಲಸವಲ್ಲ, ಅದಕ್ಕೆ ಔಷಧಿ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗವಿದೆ, 14446ಕ್ಕೆ ಉಚಿತವಾಗಿ ಫೋನ್ ಮಾಡಿ ಕೇಳಬಹುದು. ಈ ನಂಬರನ್ನು ನೀವು ಕೊಟ್ಟರೆ ಜಗಳವಾದೀತು, ಅತ್ತೆಯವರ ಕೈಲೇ ಕೊಡಿಸಿ.

ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ಡಿಕ್ರಿಯ ಪ್ರತಿ, ನೋಟ್‌ಬುಕ್, ವಾಟ್ಸಾಪ್ ಮೆಸೇಜುಗಳ ಪ್ರಿಂಟ್ ತೆಗೆದುಕೊಂಡು ಹೋಗಿ. ಮುಖ್ಯ ಅರ್ಜಿ ಮುಗಿಯಲು ತಿಂಗಳುಗಟ್ಟಲೆ ಆಗಬಹುದು. ಅದಕ್ಕೇ ಅದರ ಜೊತೆಯಲ್ಲೇ ಮಧ್ಯಂತರ ಆದೇಶಕ್ಕೂ, ಅಂದರೆ ಅಲ್ಲಿಯವರೆಗಿನ ತಾತ್ಕಾಲಿಕ ಆದೇಶಕ್ಕೂ, ಒಂದು ಐಎ (ಮಧ್ಯಂತರ ಅರ್ಜಿ) ಹಾಕಿಸಿ. ಏನಾಯಿತು ಎಂದು ದಯವಿಟ್ಟು ನನಗೆ ಬರೆಯಿರಿ.

– ಸಂಪಾದಕ