ಆಟದ ಅಂಗಳ: ಚೆಂಡು ಕೊಟ್ಟರೆ ಸಾಕಾ, ಕೋಚ್ ಬೇಕಾ?

ಪ್ರಶ್ನೆ: ಸರ್, ಗಂಗಾವತಿಯ ಒಂದು ಪದವಿ ಕಾಲೇಜಿಗೆ ಈ ವರ್ಷ ದೈಹಿಕ ಶಿಕ್ಷಣ ಉಪನ್ಯಾಸಕಿಯಾಗಿ ಸೇರಿದ್ದೇನೆ. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟುತ್ತಿದ್ದೇನೆ. "ಚೆಂಡು ಕೊಟ್ರೆ ಅವರೇ ಆಡ್ಕೊಂತಾರೆ, ಅದಕ್ಕೊಬ್ಬ ಕೋಚ್ ಯಾಕೆ?" ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಏನು ಹೇಳಲಿ?
– ಹೆಸರು ಬೇಡ, ಗಂಗಾವತಿ

ಉತ್ತರ: ತಂಗಿ, ಈ ಮಾತನ್ನು ಬಾಸ್ಕೆಟ್‌ಬಾಲ್ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರೇ ಹೇಳಿದ್ದರಂತೆ. 1891ರಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮ ಬರೆದು ಆಟ ಶುರು ಮಾಡಿದವರು ಅವರು. ಆಮೇಲೆ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಅವರ ಕೈಕೆಳಗೆ ಆಡುತ್ತಿದ್ದ ಫಾರೆಸ್ಟ್ ಅಲೆನ್ ಎಂಬ ಹುಡುಗನಿಗೆ 1905ರಲ್ಲಿ ಬೇಕರ್ ವಿಶ್ವವಿದ್ಯಾಲಯದಿಂದ ಕೋಚ್ ಕೆಲಸಕ್ಕೆ ಕರೆ ಬಂತು. ಈ ಆಟ ಆಡೋದಷ್ಟೇ, ಇದಕ್ಕೆ ಕೋಚ್ ಬೇಕಿಲ್ಲ ಅಂದರಂತೆ ಗುರುಗಳು.

ಹುಡುಗ ಹೋದ. ಎರಡೇ ವರ್ಷಕ್ಕೆ, 1907ರಲ್ಲಿ, ನೈಸ್ಮಿತ್ ಅವರ ಜಾಗಕ್ಕೇ ಕೋಚ್ ಆಗಿ ಬಂದ. ನೈಸ್ಮಿತ್ ಕೋಚ್ ಆಗಿದ್ದಾಗ ಕ್ಯಾನ್ಸಸ್ 55 ಪಂದ್ಯ ಗೆದ್ದು 60 ಸೋತಿತ್ತು. ಅದೇ ಕ್ಯಾನ್ಸಸ್‌ನಲ್ಲಿ ಅಲೆನ್ 39 ಸೀಸನ್ ದುಡಿದು 590 ಗೆದ್ದರು. ಸ್ಟಾಫ್ ರೂಮಿನಲ್ಲಿ ಈ ಲೆಕ್ಕ ಹೇಳಿ.

ನನಗೆ ಜಾಸ್ತಿ ಇಷ್ಟವಾಗೋದು ಅಲೆನ್ ಬದುಕಿನ ಬೇರೆ ಭಾಗ. 1909ರಲ್ಲಿ ಕೋಚಿಂಗ್ ಬಿಟ್ಟು ಆಸ್ಟಿಯೋಪತಿ ಓದಲು ಹೋದರು. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಒತ್ತಿ, ತಿರುವಿ ನೋಡಿಕೊಳ್ಳುವ ವೈದ್ಯ ಪದ್ಧತಿ ಅದು. 1912ರಲ್ಲಿ ಮತ್ತೆ ಕೋಚಿಂಗ್‌ಗೆ ಮರಳಿದಾಗ ಆಟಗಾರನ ಮಂಡಿ, ಸೊಂಟವೂ ಅವರ ಪಾಠದೊಳಗೆ ಸೇರಿತ್ತು. ಬಳ್ಳಾರಿಯಲ್ಲಿ ಸಿಮೆಂಟ್ ಕೋರ್ಟಿನ ಮೇಲೆ ಮಕ್ಕಳಿಗೆ ಕಲಿಸಿದವನು ನಾನು. ರೀಬೌಂಡಿಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ, ಹಾರಿದ ಹುಡುಗಿ ಕಾಲು ಉಳುಕಿಸಿಕೊಂಡು ಕೂತರೆ ಮೊದಲು ಓಡಬೇಕಾದವರು ಯಾರು? ಚೆಂಡು ಕೊಟ್ಟು ಹೋದವರಂತೂ ಅಲ್ಲಿರೋದಿಲ್ಲ. ಶೂ ಅಡಿ ಸವೆದಿದೆಯಾ, ನೀರು ಕುಡಿದಳಾ, ಹಾರಿ ಇಳಿಯುವಾಗ ಮಂಡಿ ಬಗ್ಗಿಸುತ್ತಾಳಾ, ಎಲ್ಲ ನೀವೇ ನೋಡಬೇಕು. ನಮ್ಮ ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಪ್ರಾಕ್ಟೀಸ್ ಮುಗಿಸೋದೂ ಕೋಚಿಂಗೇ.

ಇನ್ನೊಂದು ಕಥೆ ಹೇಳಲೇಬೇಕು. 1927ರಲ್ಲಿ ಡ್ರಿಬಲ್ ಮಾಡುವಾಗ, ಅಂದರೆ ಚೆಂಡನ್ನು ನೆಲಕ್ಕೆ ಬಡಿಯುತ್ತಾ ಸಾಗುವಾಗ, ಅದನ್ನು ಒಂದೇ ಸಲ ನೆಲಕ್ಕೆ ಬಡಿಯಬೇಕು ಅಂತ ನಿಯಮ ತರಲು ಹೊರಟಿದ್ದರು. ಅಲೆನ್ ಬಿಡಲಿಲ್ಲ. ಕೋಚ್‌ಗಳನ್ನೆಲ್ಲ ಸೇರಿಸಿ ಸಂಘ ಕಟ್ಟಿದರು, ಅದರ ಮೊದಲ ಅಧ್ಯಕ್ಷರೂ ಆದರು. ಆ ನಿಯಮ ಬಿದ್ದುಹೋಯಿತು. ಇವತ್ತು ನಿಮ್ಮ ಹುಡುಗಿ ಇಡೀ ಕೋರ್ಟ್ ಡ್ರಿಬಲ್ ಮಾಡಿಕೊಂಡು ಓಡಿ, ಬುಟ್ಟಿಯ ಹತ್ತಿರ ಹಾರಿ ಲೇ-ಅಪ್ ಹಾಕ್ತಾಳಲ್ವಾ, ಅದರ ಹಿಂದೆ ಈ ಜಗಳ ಇದೆ. ಎಡಗೈ ಡ್ರಿಬಲ್ ಅನ್ನು ಮಾತ್ರ ದಿನಾ ಮಾಡಿಸಿ. ಸುಮ್ನೆ ಆಡಲು ಬಿಟ್ಟರೆ ಬಲಗೈ ಬಿಟ್ಟು ಯಾರೂ ಆಚೆ ಹೋಗೋದಿಲ್ಲ.

1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬಾಸ್ಕೆಟ್‌ಬಾಲ್ ಸೇರಿಸಲು ಓಡಾಡಿದವರಲ್ಲೂ ಅಲೆನ್ ಮುಂದಿದ್ದರು. ಫೈನಲ್ ಬಯಲಲ್ಲಿ, ಮಳೆಯಲ್ಲಿ, ಕೆಸರಲ್ಲೇ ನಡೆಯಿತು. ಅಮೆರಿಕ ಕೆನಡಾವನ್ನು 19-8ರಲ್ಲಿ ಸೋಲಿಸಿತು. ನಿಮ್ಮದು ಮಣ್ಣಿನ ಅಂಗಳವಾದರೂ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ಪಾಸಿಂಗ್‌ಗೆ, ಒಂದು ಕಾಲು ಊರಿ ತಿರುಗುವ ಪಿವಟ್‌ಗೆ ಮಣ್ಣು ಸಾಕು.

ಅಂದಹಾಗೆ, ಅಡಾಲ್ಫ್ ರಪ್, ಡೀನ್ ಸ್ಮಿತ್ ಇಬ್ಬರೂ ಅಲೆನ್ ಕೈಯಲ್ಲಿ ಪಳಗಿದವರು. ಮುಂದೆ ಕೋಚ್‌ಗಳಾಗಿ ಇಬ್ಬರೂ 850ಕ್ಕಿಂತ ಜಾಸ್ತಿ ಪಂದ್ಯ ಗೆದ್ದರು. ನಿಮ್ಮ ತಂಡದಲ್ಲಿ ಆಟಕ್ಕಿಂತ ಹೇಳಿಕೊಡೋದರಲ್ಲಿ ಚುರುಕಾದ ಹುಡುಗಿ ಇದ್ದರೆ ಈಗಲೇ ಅವಳ ಕೈಗೆ ಸೀಟಿ ಕೊಡಿ.

ಪ್ರಶ್ನೆ: ವಿಲ್ಟ್ ಚೇಂಬರ್ಲಿನ್ ಅಲೆನ್ ಶಿಷ್ಯನೇ?
– ಓದುಗರು, ರಾಯಚೂರು

ಉತ್ತರ: ಮುಂದೆ ದೊಡ್ಡ ಬಾಸ್ಕೆಟ್‌ಬಾಲ್ ಆಟಗಾರನಾದ ಚೇಂಬರ್ಲಿನ್ ಅವರನ್ನು ಕ್ಯಾನ್ಸಸ್‌ಗೆ ಕರೆತಂದವರು ಅಲೆನ್. ಆದರೆ ಆಗ ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ. 1955ರಲ್ಲಿ ಮೊದಲ ವರ್ಷದವರ ತಂಡ ಅಲೆನ್ ಅವರ ಮುಖ್ಯ ತಂಡವನ್ನೇ 81-71ರಲ್ಲಿ ಸೋಲಿಸಿತು. ಚೇಂಬರ್ಲಿನ್ ಒಬ್ಬರೇ 42 ಪಾಯಿಂಟ್ ಹೊಡೆದರು. ಮರುವರ್ಷ, 70 ತುಂಬಿದವರು ನಿವೃತ್ತಿಯಾಗಬೇಕು ಎಂಬ ನಿಯಮಕ್ಕೆ ಅಲೆನ್ ಕೆಳಗಿಳಿಯಬೇಕಾಯಿತು. ಇನ್ನೊಂದೇ ವರ್ಷ ಬಿಡಬಹುದಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. 1957ರ ಅಮೆರಿಕದ ಕಾಲೇಜು ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಚೇಂಬರ್ಲಿನ್ ಇದ್ದ ಕ್ಯಾನ್ಸಸ್, ಮೂರು ಸಲ ಹೆಚ್ಚುವರಿ ಸಮಯ ಆಡಿ, ಒಂದೇ ಪಾಯಿಂಟಿನಿಂದ ಸೋತಿತು.